ಹೊಸ ಕ್ಯಾಮೆರಾ, ರಾತ್ರಿಯ ಆಟ ಮತ್ತು ಆಟೋ ಮೋಡ್

ಹೊಸ ವಿಡಿಯೊ ಕ್ಯಾಮೆರಾ ತಗೊಂಡವರು ಈಗೀಗ ಮೊದಲು ಕೇಳುವುದೇ "ಲಾಗ್‌ನಲ್ಲಿ ಶೂಟ್ ಮಾಡೋದು ಹೇಗೆ?" ಅಂತ. ಸದ್ಯಕ್ಕೆ ಅದರ ತಂಟೆಗೇ ಹೋಗಬೇಡಿ ಅನ್ನುತ್ತೇನೆ. ಲಾಗ್ ಅಂದರೆ ಬೆಳಕು-ನೆರಳಿನ ವಿವರ ಜಾಸ್ತಿ ಉಳಿಸಿಕೊಳ್ಳುವ ರೆಕಾರ್ಡಿಂಗ್ ಬಗೆ. ಅದರಲ್ಲಿ ತೆಗೆದ ಚಿತ್ರ ಮಂಕಾಗಿ, ಸಪ್ಪೆಯಾಗಿ ಇರುತ್ತದೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಬಣ್ಣ ತರಬೇಕು. ಕ್ಯಾಮೆರಾ 8 ಬಿಟ್‌ನದ್ದಾದರೆ, ಅಂದರೆ ಬಣ್ಣದ ಮೆಟ್ಟಿಲು ಕಡಿಮೆ ಇರುವಂಥದ್ದಾದರೆ, ಜಾಸ್ತಿ ಎಳೆದಾಡಿದಾಗ ಆಕಾಶದಲ್ಲಿ ಪಟ್ಟೆಪಟ್ಟೆ ಏಳುತ್ತದೆ. ಮೊದಲು ಕಲಿಯಬೇಕಾದ್ದು ಆಟೋದಿಂದ ಹೊರಗೆ ಬರುವುದನ್ನು. ಅದೂ ಒಂದೇ ಸಲಕ್ಕಲ್ಲ, ಒಂದೊಂದಾಗಿ.

ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನ. ಆಟೋ ಮೋಡ್ ಸೋಲುವುದನ್ನು ನೋಡಬೇಕಾದರೆ ರಾತ್ರಿಯ ಬಯಲಾಟಕ್ಕೇ ಬರಬೇಕು. ರಂಗಸ್ಥಳದ ಆಚೆ ಕತ್ತಲೆ, ಈಚೆ ಬೆಳಕಿನಲ್ಲಿ ಬಣ್ಣದ ವೇಷ. ಕ್ಯಾಮೆರಾ ಇಡೀ ಫ್ರೇಮ್‌ನ ಸರಾಸರಿ ಲೆಕ್ಕ ಹಾಕಿ, ಕತ್ತಲೆ ಜಾಸ್ತಿಯಾಯಿತು ಅಂತ ಬೆಳಕು ಏರಿಸುತ್ತದೆ. ಅಲ್ಲಿಗೆ ಮುಖ ಹೋಯಿತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಮುಖಕ್ಕೆ ಇಟ್ಟ ಚುಟ್ಟಿಯ (ಬಿಳಿ ಮುಖವರ್ಣಿಕೆಯ) ಮುಳ್ಳು ಒಂದೂ ಕಾಣುವುದಿಲ್ಲ. ಒಮ್ಮೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಒಬ್ಬ ಹಿರಿಯ ವೇಷಧಾರಿ ಯಾರೋ ಕಳಿಸಿದ ವಿಡಿಯೊ ತೋರಿಸಿ ಕೇಳಿದರು: "ಇದರಲ್ಲಿ ನನ್ನ ಮುಖ ಎಲ್ಲುಂಟು ಮಾರಾಯ್ರೆ? ಟ್ಯೂಬ್‌ಲೈಟಿಗೆ ಕಿರೀಟ ಕಟ್ಟಿದ ಹಾಗೆ ಉಂಟು!"

ಇದಕ್ಕೆ ಮದ್ದು ಝೀಬ್ರಾ. ಮೆನುವಿನಲ್ಲಿ ಆನ್ ಮಾಡಿ, 100ಕ್ಕೆ ಇಡಿ. ಬೆಳಕು ಮಿತಿಮೀರಿದ ಕಡೆ ಸ್ಕ್ರೀನ್ ಮೇಲೆ ಓರೆ ಗೆರೆಗಳು ಕಾಣುತ್ತವೆ. ಚುಟ್ಟಿಯ ಮೇಲಿಂದ ಆ ಗೆರೆ ಹೋಗುವ ತನಕ ಐರಿಸನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು, ಕಿರಿದು ಮಾಡಿ. ಹಿಂದಿನ ಕತ್ತಲೆ ಇನ್ನೂ ಕಪ್ಪಾಗುತ್ತದೆ, ಆಗಲಿ ಬಿಡಿ. ಅಲ್ಲಿ ನೋಡೋಕೆ ಏನಿದೆ? ಗೇನ್ (ಕ್ಯಾಮೆರಾ ತಾನೇ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) ಏರಿಸಿ ಅದನ್ನು ಬೆಳಗಲು ಹೋದರೆ ಸಿಗುವುದು ಗ್ರೇನ್ಸ್, ಅಂದರೆ ಕಾಳುಕಾಳು ಚುಕ್ಕೆ, ಅಷ್ಟೇ.

ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) ವಿಷಯದಲ್ಲಿ ಯೂಟ್ಯೂಬ್ ಗುರುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅವರಲ್ಲಿ ಸುಮಾರು ಜನ ಅಮೆರಿಕದವರು. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ನಮ್ಮ ಕರೆಂಟಿನ ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಹಾಗಾಗಿ ಮೆನುವಿನಲ್ಲಿ ಪಾಲ್ (PAL, ನಮ್ಮಂಥ 50 ಹರ್ಟ್ಸ್ ದೇಶಗಳ ವಿಡಿಯೊ ಪದ್ಧತಿ) ಆರಿಸಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಸುಮ್ನೆ 1/60 ಇಟ್ಟರೆ ಎಷ್ಟೋ ಲೈಟುಗಳಲ್ಲಿ ಚಿತ್ರ ಮಿಣುಕುತ್ತದೆ, ಇಲ್ಲವೇ ಅದರ ಮೇಲೆ ಪಟ್ಟಿ ಹರಿಯುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ದೊಡ್ಡ ರಗಳೆ. ಜನರೇಟರ್ ಇದ್ದ ಕಡೆ ಆ 50 ಕೂಡ ಗಟ್ಟಿ ನಿಲ್ಲುವುದಿಲ್ಲ. ಕೆಲವು ಕ್ಯಾಮೆರಾಗಳಲ್ಲಿ ಶಟರನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಮಿಣುಕು ನಿಲ್ಲಿಸಬಹುದು. ನಿಮ್ಮದರಲ್ಲಿ ಅದು ಇದೆಯಾ ಅಂತ ಈಗಲೇ ಹುಡುಕಿಟ್ಟುಕೊಳ್ಳಿ.

ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವುದು) ಆಟೋದಲ್ಲಿದ್ದರೆ, ಕೆಂಪು ವೇಷವೊಂದು ಹತ್ತಿರ ಬಂದು ಫ್ರೇಮ್ ತುಂಬಿದ ಕೂಡಲೇ ಚಿತ್ರ ನೀಲಿ ಕಡೆಗೆ ವಾಲಬಹುದು, ಅದೂ ಪದ್ಯದ ನಡುವೆ. ಹ್ಯಾಲೋಜನ್‌ಗೆ 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಗಲಿಗೆ 5600 ಅಂತ ಪುಸ್ತಕದ ಲೆಕ್ಕ. ನಮ್ಮಲ್ಲಿ ಎಲ್ಲ ಜಾತಿಯ ಲೈಟೂ ಒಟ್ಟಿಗೇ ಉರಿಯುತ್ತಿರುತ್ತದೆ, ಅಲ್ವಾ? ಆಟ ಶುರುವಾಗುವ ಮೊದಲೇ ರಂಗಸ್ಥಳದ ನಡುವೆ ಯಾರ ಕೈಯಲ್ಲಾದರೂ ಬಿಳಿ ಹಾಳೆ ಹಿಡಿಸಿ ಕಸ್ಟಮ್ ಸೆಟ್ ಮಾಡಿ. ಭಾಗವತರ ಪಂಚೆಯನ್ನು ಮಾತ್ರ ನಂಬಬೇಡಿ, ನೀಲಿ ಹಾಕಿ ಒಗೆದಿರುತ್ತಾರೆ.

ಇದೆಲ್ಲ ಆಟದ ದಿನ ಕಲಿಯೋಕೆ ಆಗುವ ಕೆಲಸವಲ್ಲ. ಮನೆಯಲ್ಲೇ ರಾತ್ರಿ ಒಂದು ಲೈಟು ಹಾಕಿ, ತಮ್ಮನನ್ನೋ ತಂಗಿಯನ್ನೋ ಗೋಡೆಯಿಂದ ದೂರ ಕೂರಿಸಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಏನು ಬದಲಿಸಿದಿರಿ ಅಂತ ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ. ಶಾರ್ಪ್‌ನೆಸ್ ಕೂಡ ಸ್ವಲ್ಪ ಇಳಿಸಿ ನೋಡಿ, ಅದು ಜಾಸ್ತಿಯಾದರೆ ಕಿರೀಟದ ಅಂಚಿಗೆಲ್ಲ ಬಿಳಿ ಗೆರೆ ಬರುತ್ತದೆ. ಆಮೇಲೆ ಟಿವಿಗೆ ಹಾಕಿ ನೋಡಿ. ಕ್ಯಾಮೆರಾದ ಪುಟ್ಟ ಸ್ಕ್ರೀನ್‌ನಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ.