ಸಿಡಿಪಿಓ ಆಫೀಸಿಗೆ ಹೋಗಮ್ಮಾ ಅಂತ ಒಬ್ಬರಾದರೂ ಹೇಳಬಾರದಿತ್ತಾ?

ನಿನ್ನೆ ಮಧ್ಯಾಹ್ನದಿಂದ ಹೊಟ್ಟೆ ಉರಿಯುತ್ತಿದೆ. ಸಿಡಿಪಿಓ ಅಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಗಂಡನಿಂದ ಹೊಡೆತ ತಿನ್ನುವ ಹೆಂಗಸರು ಹೋಗಬಹುದಾದ ಬಾಗಿಲು ಅವರದು. ಇದನ್ನು ಬರೆಯದೆ ಮಷಿನ್ ಮುಂದೆ ಕೂರೋಕೆ ಆಗುತ್ತಿಲ್ಲ.

ನನ್ನದು ಹೊಲಿಗೆ ಅಂಗಡಿ ಅಂತ ನಿಮಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದಿಂದ ಬರೀ ಹೆಂಗಸರ ಬಟ್ಟೆ. ಅಳತೆ ತೆಗೆಯುವವಳ ಕಣ್ಣಿಗೆ ಬೀಳುವುದು ಎಷ್ಟೋ ಸಲ ಹೆತ್ತ ತಾಯಿಗೂ ಬೀಳುವುದಿಲ್ಲ. ತೋಳಿಗೆ ಟೇಪು ಸುತ್ತಿದರೆ ಕೆಲವರು ಹಲ್ಲು ಕಚ್ಚುತ್ತಾರೆ. ಏಪ್ರಿಲ್ ಬಿಸಿಲಲ್ಲೂ "ಮೊಣಕೈ ದಾಟಿ ತೋಳು ಇಡಿ ಅಕ್ಕಾ" ಅನ್ನುತ್ತಾರೆ. ಬೆನ್ನು ಸ್ವಲ್ಪ ಇಳಿಸಲಾ ಅಂದರೆ ಬೇಡ, ಮೇಲೇ ಇರಲಿ. ಮೊದಮೊದಲು ಇದೊಂದು ಫ್ಯಾಷನ್ ಇರಬೇಕು ಅಂದುಕೊಂಡಿದ್ದೆ.

ಹೋದ ವಾರ ಬಂದವಳು ನನ್ನ ಹಳೇ ಗಿರಾಕಿ. ಕೈ ಎತ್ತಮ್ಮಾ ಅಂದೆ. ಬಲಗೈ ಭುಜದಿಂದ ಮೇಲೆ ಬರಲಿಲ್ಲ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು, ಅಂಚು ಹಳದಿಗೆ ತಿರುಗಿತ್ತು, ನಡುವೆ ಇನ್ನೂ ನೀಲಿ. ಇದು ಯಾವಾಗ ಆಗಿದ್ದು ಅಂದೆ. "ಯಾವುದು ಅಕ್ಕಾ, ಇದಾ?" ಅಂದಳು. ಅಂದರೆ ಬೇರೆಯೂ ಇವೆ ಅಂತ ತಾನೇ.

ಪರದೆ ಎಳೆದು ಕೂರಿಸಿ ಕೇಳಿದೆ. ಆಕೆ ಸುಮ್ಮನೆ ಕೂತವಳೇನಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಈ ಹೆಂಗಸರು ಯಾಕೆ ಬಾಯಿ ಬಿಡಲ್ಲ ಅಂತ ಎಲ್ಲರೂ ಮಾತಾಡುತ್ತಾರಲ್ಲ, ಈಕೆ ಬಾಯಿ ಬಿಡೋಕೆ ಹೋಗಿದ್ದಾಳೆ, ಒಂದು ಕಡೆ ಅಲ್ಲ, ನಾಲ್ಕು ಕಡೆ. ತವರಿಗೆ ಹೋದಳು, ತಂಗಿ ಮದುವೆ ಆಗಲಿ ಅಲ್ಲೀತನಕ ಹೊಂದಿಕೊಂಡು ಹೋಗು ಅಂದರು. ಬೀದಿಯ ಹಿರಿಯರು ನ್ಯಾಯ ಮಾಡಿ ಗಂಡನ ಕೈಯಲ್ಲಿ ತಪ್ಪಾಯ್ತು ಅನ್ನಿಸಿದರು. ಆಸ್ಪತ್ರೆಯಲ್ಲಿ ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಗಾಯ್ತಮ್ಮಾ ಅಂತ ಕೇಳಿದರು, ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು, ಇನ್ನೇನು ಅನ್ನೋಕೆ ಸಾಧ್ಯ? ಸ್ಟೇಷನ್‌ನಲ್ಲಿ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ" ಅಂತ ಹೇಳಿ, ಅವನಿಂದ ಮುಚ್ಚಳಿಕೆ ಬರೆಸಿಕೊಂಡು, ಇಬ್ಬರನ್ನೂ ಒಂದೇ ಬೈಕಿನಲ್ಲಿ ಮನೆಗೆ ಕಳಿಸಿದರು. ಆ ರಾತ್ರಿ ಬಿದ್ದಿದ್ದು ಆ ಬೆರಳಿನ ಗುರುತು.

ನಾಲ್ಕು ಬಾಗಿಲು. ಸಿಡಿಪಿಓ ಆಫೀಸಿಗೆ ಹೋಗು ಅಂತ ಒಬ್ಬರಾದರೂ ಹೇಳಬಾರದಿತ್ತಾ?

ಆಕೆಗೆ ಎರಡು ವರ್ಷದ ಮಗು ಇದೆ. ಅಂಗನವಾಡಿಗೆ ಹೋಗಿ ಮಗುವಿನ ತೂಕ ಹಾಕಿಸುತ್ತಾಳೆ, ಪೌಷ್ಟಿಕ ಆಹಾರದ ಪೊಟ್ಟಣ ತರುತ್ತಾಳೆ. ಆ ಅಂಗನವಾಡಿಯ ಮೇಲಿನ ಅಧಿಕಾರಿಯೇ ಸಿಡಿಪಿಓ. ನಮ್ಮ ರಾಜ್ಯದಲ್ಲಿ ತಾಲೂಕು ಮಟ್ಟದಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಅವರೇ. ಕಾಯ್ದೆ ಆಗಿದ್ದು 2005ರಲ್ಲಿ, ಜಾರಿಗೆ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ಇಷ್ಟು ವರ್ಷ ಆಯ್ತು. ಆಕೆಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನನ್ನ ಗಿರಾಕಿ ಅಂಗನವಾಡಿ ಟೀಚರ್ ಒಬ್ಬರು ಹೇಳಿದ ಮೇಲೆ ಗೊತ್ತಾಯ್ತು.

ನಿನ್ನೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ತೋರಿಸಿ ಅಂದ. ಆಕೆಯ ಆಧಾರ್ ಗಂಡನ ಬೀರುವಿನಲ್ಲಿದೆ, ಬೀಗದ ಕೈ ಅವನ ಸೊಂಟದಲ್ಲಿದೆ. ಹೆಂಗಸರಿಗೆಲ್ಲ ಬಸ್ಸು ಫ್ರೀ ಇದ್ದರೂ ಆಕೆಗೆ ಟಿಕೆಟ್ ತೆಗೆದೆವು. ಕೈಯಲ್ಲಿದ್ದಿದ್ದು ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ತಾಯಿ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸು, ಆಸ್ಪತ್ರೆ ಚೀಟಿ. ಈ ಕವರನ್ನು ಎಂಟು ತಿಂಗಳಿಂದ ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದಳಂತೆ. ಚೀಟಿ ಬಿಚ್ಚಿದರೆ ಮಡಿಕೆಯಲ್ಲೆಲ್ಲ ತೌಡು.

ಆಫೀಸಿನಲ್ಲಿ ನಮ್ಮನ್ನು ಯಾರೂ ಗದರಲಿಲ್ಲ, ಅದನ್ನು ಹೇಳಲೇಬೇಕು. ಒಬ್ಬ ಮೇಡಂ ಬಾಗಿಲು ಮುಂದೆ ಮಾಡಿ ಒಂದು ಗಂಟೆಗೂ ಜಾಸ್ತಿ ಕೂತು ಕೇಳಿದರು. ಆಕೆ ಅತ್ತಾಗ ಪೆನ್ನು ಕೆಳಗಿಟ್ಟರು. ಡಿಐಆರ್ ಅಂತಾರೆ, ಕೌಟುಂಬಿಕ ಘಟನಾ ವರದಿ, ಅದನ್ನು ಬರೆದರು. ಅದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತೆ. ಅವನು ಹೊಡೆಯಬಾರದು ಅಂತ ಆದೇಶ ಕೇಳಬಹುದು. ಆ ಮನೆಯಲ್ಲೇ ಇರುವ ಹಕ್ಕು ಕೇಳಬಹುದು, ಮನೆ ಅತ್ತೆ ಹೆಸರಲ್ಲಿದ್ದರೂ. ಖರ್ಚಿಗೆ ದುಡ್ಡು, ಮಗು ತನ್ನ ಹತ್ತಿರ ಇರಲಿ ಅನ್ನೋದು, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ. ವಕೀಲರಿಗೆ ದುಡ್ಡೆಲ್ಲಿಂದ ತರಲಿ ಮೇಡಂ ಅಂದಳು. ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ ಅಂದರು. ಅದಕ್ಕೆ 15100 ನಂಬರಿಗೂ ಫೋನ್ ಮಾಡಬಹುದಂತೆ. ಇವತ್ತು ರಾತ್ರಿ ಇರೋಕೆ ಜಾಗ ಇದೆಯಾ, ಇಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿ ಸಖಿ ಸೆಂಟರ್ ಇದೆ, ಮಗು ಸಮೇತ ಐದು ದಿನ ಇರಬಹುದು, ಚಿಕಿತ್ಸೆ, ಪೊಲೀಸ್, ಕೌನ್ಸೆಲಿಂಗ್ ಎಲ್ಲ ಅಲ್ಲೇ ಸಿಗುತ್ತೆ, ಇನ್ನೂ ಜಾಸ್ತಿ ದಿನ ಬೇಕಾದರೆ ಬೇರೆ ವಸತಿ ಗೃಹಕ್ಕೆ ಕಳಿಸುತ್ತಾರೆ ಅಂತಲೂ ಹೇಳಿದರು.

ಇಷ್ಟೆಲ್ಲ ಇದೆ! ನಮ್ಮ ಮೂಗಿನ ಕೆಳಗೇ ಇದೆ. ಇದೆ ಅಂತ ಮಾತ್ರ ಯಾರೂ ಹೇಳಲ್ಲ.

ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಹೆಂಗಸು ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದರು, "ಇಲ್ಲಿ ಅದೂ ನೋಡ್ತಾರಾ ಅಕ್ಕಾ?" ಗೃಹಲಕ್ಷ್ಮಿ ದುಡ್ಡು ನಿಂತಿದೆ ಅಂತ ಬಂದವರು ಆಕೆ. ಗೋಡೆಯ ಬೋರ್ಡಿನಲ್ಲಿ ಮಾತೃವಂದನಾ ಇತ್ತು, ಭಾಗ್ಯಲಕ್ಷ್ಮಿ ಇತ್ತು, ಸ್ತ್ರೀಶಕ್ತಿ ಇತ್ತು. ಹೊಡೆತ ತಿನ್ನುವವರು ಇಲ್ಲಿಗೆ ಬರಬಹುದು ಅಂತ ಒಂದು ಸಾಲು ಇರಲಿಲ್ಲ. ನನ್ನ ಹೊಟ್ಟೆ ಉರಿಯೋಕೆ ಶುರುವಾಗಿದ್ದು ಆಗ.

ರಾತ್ರಿ ಕೂತು ಆ ಕಾಯ್ದೆ ಓದಿದೆ. ಐದನೇ ಸೆಕ್ಷನ್ ನೋಡಿ. ದೂರು ಬಂದರೆ ಪೊಲೀಸರು ಆ ಹೆಂಗಸಿಗೆ ನಿನಗೆ ಇಂಥ ಹಕ್ಕಿದೆ, ಸಂರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ ಅಂತ ಹೇಳಬೇಕು. ಹೇಳಿದರೆ ಒಳ್ಳೆಯದು ಅಂತಲ್ಲ, ಹೇಳಲೇಬೇಕು. ಹನ್ನೊಂದನೇ ಸೆಕ್ಷನ್‌ನಲ್ಲಿ ಸರ್ಕಾರ ಈ ಕಾಯ್ದೆಗೆ ಟಿವಿ, ರೇಡಿಯೋ, ಪತ್ರಿಕೆಯಲ್ಲಿ ಪ್ರಚಾರ ಕೊಡಬೇಕು ಅಂತ ಬರೆದಿದೆ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ತಾಲೂಕು ಮಟ್ಟದವರೆಗೂ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ, ಪ್ರಚಾರ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಮತ್ತೆ ಹೇಳಬೇಕಾಗಿ ಬಂತು. ಕಾಯ್ದೆ ಬಂದು ಹತ್ತೊಂಬತ್ತು ವರ್ಷದ ಮೇಲೆ!

ನಮ್ಮೂರೊಂದರ ಕತೆ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದವರು ಕರ್ನಾಟಕದಲ್ಲಿ ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ 20.6 ಇತ್ತು. ದೇಶದಲ್ಲೇ ನಾವು ಮೊದಲು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಆ ಹದಿನಾಲ್ಕರಲ್ಲಿ ಒಬ್ಬಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಕೇಳಿಯೂ ದಾರಿ ಸಿಗಲಿಲ್ಲ.

ನನ್ನ ತಮ್ಮ ಹೇಳುತ್ತಾನೆ, ಈಗ ಎಲ್ಲರ ಹತ್ತಿರ ಮೊಬೈಲ್ ಇದೆಯಲ್ಲ ಅಕ್ಕ, ಹುಡುಕಿದರೆ ಸಿಗುತ್ತೆ, ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. 181 ಇದೆ, ಪ್ರಾಣಕ್ಕೇ ಬಂದರೆ 112 ಇದೆ, ನಾನೂ ಎಲ್ಲರಿಗೂ ಹೇಳುತ್ತೇನೆ. ಆದರೆ ಆಕೆಯ ಮೊಬೈಲನ್ನು ಗಂಡ ದಿನಾ ರಾತ್ರಿ ತೆಗೆದು ಯಾರಿಗೆ ಮಾಡಿದ್ದೀಯ ಅಂತ ನೋಡುತ್ತಾನೆ. ಗೋಡೆ ಮೇಲೆ ಬರೆದಿದ್ದನ್ನು ಓದಿದ್ದಕ್ಕೆ ಯಾವ ಗುರುತೂ ಉಳಿಯಲ್ಲ ಅಲ್ವಾ? ಇನ್ನು ಕಾನೂನು ದುರುಪಯೋಗ ಆಗುತ್ತೆ, ಸಂಸಾರ ಒಡೆಯುತ್ತೆ ಅನ್ನುವವರು. ಸ್ವಾಮಿ, ಡಿಐಆರ್ ಬರೆದ ತಕ್ಷಣ ಯಾರನ್ನೂ ಜೈಲಿಗೆ ಹಾಕಲ್ಲ. ಹೊಡೀಬೇಡ ಅಂತ ಕೋರ್ಟ್ ಹೇಳಿದ ಮೇಲೂ ಹೊಡೆದರೆ ಆಗ ಜೈಲು. ಹೊಡೆಯಬೇಡ ಅಂದರೆ ಒಡೆಯುವ ಸಂಸಾರ ಅದೆಂಥದ್ದು?

ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ನನ್ನ ಚಿಕ್ಕಮ್ಮನ ಮಗಳು ಇದೇ ಅಂಗಡಿಗೆ ಬಂದು ಅತ್ತಿದ್ದಳು. ದೀಪಾವಳಿ ಸೀಸನ್, ಮುಗಿಸಬೇಕಾದ ಬ್ಲೌಸು ನಲವತ್ತಿತ್ತು. ಮಷಿನ್ ನಿಲ್ಲಿಸದೇನೇ "ಎಲ್ಲರ ಮನೆ ದೋಸೆನೂ ತೂತೇ ಕಣೇ" ಅಂದುಬಿಟ್ಟೆ. ಕಣ್ಣೊರೆಸಿಕೊಂಡು ಹೋದಳು. ಆಮೇಲೆ ನನ್ನ ಹತ್ತಿರ ಆ ಮಾತು ಎತ್ತಲೇ ಇಲ್ಲ. ಈಗ ಅವಳ ಎಡಗಿವಿ ಕೇಳಿಸಲ್ಲ. ಯಾಕೆ ಅಂತ ನಾನು ಕೇಳಿಲ್ಲ, ಕೇಳೋ ಮುಖ ನನಗಿಲ್ಲ. ಸ್ಟೇಷನ್‌ನವರ ಮೇಲೆ ಸಿಟ್ಟು ಮಾಡಿಕೊಳ್ಳುವಾಗೆಲ್ಲ ಆ ದೋಸೆ ಮಾತು ನೆನಪಾಗುತ್ತೆ.

ಆದ್ದರಿಂದ ಕೇಳುತ್ತಿದ್ದೇನೆ, ನಿಮ್ಮ ತಾಲೂಕಿನ ಸಿಡಿಪಿಓ ಆಫೀಸು ಎಲ್ಲಿದೆ ಅಂತ ಇವತ್ತೇ ತಿಳಿದುಕೊಳ್ಳಿ. ಯಾವ ರಸ್ತೆ, ಯಾವ ಕಟ್ಟಡ, ಎಷ್ಟನೇ ಮಹಡಿ. ಪಕ್ಕದ ಮನೆಯಲ್ಲಿ ನಡೆಯುತ್ತಿದ್ದರೆ ನೀವೇ ಹೋಗಿ ತಿಳಿಸಬಹುದು, ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬರದ ಹಾಗೆ ಅದೇ ಕಾಯ್ದೆಯಲ್ಲಿದೆ. ಬ್ಯೂಟಿ ಪಾರ್ಲರ್, ಬಳೆ ಅಂಗಡಿ, ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯ, ಹಿಟ್ಟಿನ ಗಿರಣಿ, ಎಲ್ಲಿ ಹೆಂಗಸರು ಒಬ್ಬರೇ ಎರಡು ನಿಮಿಷ ನಿಲ್ಲುತ್ತಾರೋ ಅಲ್ಲಿ ಬರೆದು ಅಂಟಿಸಿ. ಚೀಟಿ ಮಾಡಿ ಕೈಗೆ ಕೊಡಬೇಡಿ, ಅದು ಮನೆಯಲ್ಲಿ ಸಿಕ್ಕಿದರೆ ಇನ್ನೊಂದು ಏಟು.

ನಾನು ಬ್ಲೌಸ್ ಪೀಸಿನ ಹಳೇ ಡಬ್ಬದ ರಟ್ಟು ಕತ್ತರಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಆಫೀಸಿನ ದಾರಿ, ಸಖಿ ಸೆಂಟರ್ ದಾರಿ, ಕಾನೂನು ಸೇವಾ ಸಮಿತಿಯ ಕೋಣೆ, ಮೂರು ನಂಬರು. ಬಟ್ಟೆ ಹಾಕಿ ನೋಡುವ ಪರದೆಯ ಒಳಗೆ, ಕನ್ನಡಿ ಪಕ್ಕ ತೂಗುಹಾಕಿದ್ದೇನೆ. ಗಂಡಸರು ಬರದ ಜಾಗ ಅದೊಂದೇ.

ಆಕೆ ಈಗ ಮಗು ಜೊತೆ ಸಖಿ ಸೆಂಟರಿನಲ್ಲಿದ್ದಾಳೆ. ಸೋಮವಾರ ಕೋರ್ಟಿಗೆ ಹೋಗಬೇಕು, ಜೊತೆಗೆ ನಾನು ಬರುತ್ತೇನೆ ಅಂದಿದ್ದೇನೆ. ಅವತ್ತು ಅಂಗಡಿ ಬಾಗಿಲು ಹಾಕಿರುತ್ತೆ. ಮದುವೆಗೆ ಬ್ಲೌಸು ಕೊಟ್ಟವರು ದಯವಿಟ್ಟು ಶನಿವಾರ ಸಂಜೆಯೊಳಗೆ ಬಂದು ತೆಗೆದುಕೊಂಡು ಹೋಗಿ.