ತೊಂಬತ್ತು ದಿನದ ನೆಂಟ

ಥಾಯ್ಲೆಂಡಿನ ಆಡುಮಾತಿನಲ್ಲಿ ಭಾರತೀಯರಿಗೆ ‘ಖ್ಯಾಕ್’ ಎಂಬ ಹೆಸರಿದೆ. ಆ ಪದದ ಮೂಲ ಅರ್ಥ ಅತಿಥಿ, ನೆಂಟ. ಬಿಳಿಯರಿಗೆ ಈ ಗೌರವವಿಲ್ಲ; ಅವರು ಬರೀ ‘ಫರಂಗ್’. ನಮ್ಮ ಫರಂಗಿಯೇ ಅಲ್ಲಿಗೂ ಹೋಗಿ ಕೂತಿದ್ದಾನೆ: ಅವನ ಹೆಸರನ್ನು ನಾವು ಪರಂಗಿ ಹಣ್ಣಿಗೆ ಇಟ್ಟುಕೊಂಡೆವು, ಥಾಯ್ ಜನ ಸೀಬೆಹಣ್ಣಿಗೆ ಇಟ್ಟುಕೊಂಡರು. ಜಗತ್ತನ್ನು ಆಳಿದವರು ಹಣ್ಣಾದರು, ಕಂಪ್ಯೂಟರ್ ಕೆಲಸಕ್ಕೆ ಬಂದ ನಾವು ನೆಂಟರಾದೆವು ಎಂದು ಬ್ಯಾಂಕಾಕಿಗೆ ಬಂದ ಹೊಸದರಲ್ಲಿ ನಾನು ಬೀಗಿದ್ದುಂಟು. ಆ ಪದವನ್ನು ಆಡುವ ದನಿಯಲ್ಲಿ ಸದಾ ಉಪಚಾರವೇ ಇರುವುದಿಲ್ಲ ಎಂಬುದು ತಿಳಿಯುವುದಕ್ಕೆ ಸ್ವಲ್ಪ ಕಾಲ ಬೇಕಾಯಿತು.

ನೆಂಟಸ್ತಿಕೆ ಮೂರು ದಿನಕ್ಕೆ ಹಳಸುತ್ತದೆ ಎಂಬುದು ನಮ್ಮ ಅಜ್ಜಿಯಂದಿರ ಲೆಕ್ಕ. ಥಾಯ್ ಸರ್ಕಾರ ಉದಾರಿಯಾದ್ದರಿಂದ ಅದನ್ನು ತೊಂಬತ್ತು ದಿನಕ್ಕೆ ಏರಿಸಿದೆ. 1979ರ ವಲಸೆ ಕಾಯ್ದೆಯ ಪ್ರಕಾರ, ತಾತ್ಕಾಲಿಕ ಅನುಮತಿಯ ಮೇಲೆ ನೆಲೆಸಿರುವ ವಿದೇಶೀಯನು ಪ್ರತಿ 90 ದಿನಕ್ಕೊಮ್ಮೆ ತಾನು ಎಲ್ಲಿದ್ದೇನೆಂದು ವಲಸೆ ಇಲಾಖೆಗೆ ತಿಳಿಸಬೇಕು. ಮನೆ ಬದಲಾಗಿದ್ದರೆ ಮಾತ್ರ ಎಂದುಕೊಳ್ಳಬೇಡಿ. ಏನೂ ಬದಲಾಗಿಲ್ಲ ಎಂಬ ಸುದ್ದಿಯನ್ನೇ ಮುಖ್ಯವಾಗಿ ತಿಳಿಸಬೇಕಾಗಿರುವುದು. ನನ್ನ ವೀಸಾದ ಹೆಸರು ‘ನಾನ್ ಇಮಿಗ್ರಂಟ್’, ಎಂದರೆ ವಲಸಿಗನಲ್ಲದವನು. ಹೀಗೆ ವಲಸಿಗನಲ್ಲದ ನಾನು, ವರ್ಷಕ್ಕೆ ನಾಲ್ಕು ಸಲ ವಲಸೆ ಕಚೇರಿಗೆ ಹೋಗಿ, ಎಲ್ಲಿಗೂ ಹೋಗಿಲ್ಲವೆಂದು ವರದಿ ಒಪ್ಪಿಸಿ ಬರುತ್ತೇನೆ.

ಈ ವರದಿಯ ಅರ್ಜಿ ಟಿಎಂ 47. ವೀಸಾ ಅವಧಿಯ ವಿಸ್ತರಣೆಗೆ ಟಿಎಂ 7, ದೇಶ ಬಿಟ್ಟು ಮರಳಿ ಬರುವ ಅನುಮತಿಗೆ ಟಿಎಂ 8, ವಾಸಸ್ಥಳದ ಮಾಹಿತಿಗೆ ಟಿಎಂ 30. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇವುಗಳ ಬಗ್ಗೆ ಆತಂಕದಿಂದ ಮಾತಾಡಿಕೊಳ್ಳುವುದನ್ನು ಕೇಳಿ, ಊರಿನಿಂದ ಬಂದಿದ್ದ ನಮ್ಮತ್ತೆ ಇವೆಲ್ಲ ಸಿಟಿ ಬಸ್ಸಿನ ನಂಬರುಗಳೆಂದು ಭಾವಿಸಿದ್ದರು. ವರದಿಯನ್ನು ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಖುದ್ದಾಗಿ ಕೊಡಬಹುದು. ಒಮ್ಮೆ ಆ ಏಳು ದಿನವೂ ಮುಗಿದು ಎಂಟನೆಯ ದಿನ ಹೋದೆ. ಮೇಜಿನ ಆಚೆಗಿದ್ದ ಅಧಿಕಾರಿ ಪಾಸ್‌ಪೋರ್ಟು ತಿರುವಿ, ನನ್ನ ಮುಖ ನೋಡಿ, ಮನಸ್ಸು ಕರಗುವಂತೆ ನಕ್ಕು ‘ಮೈ ಪೆನ್ ರೈ’ ಎಂದರು. ಪರವಾಗಿಲ್ಲ, ಚಿಂತೆಯಿಲ್ಲ ಎಂದು ಅದರ ಅರ್ಥ. ಥಾಯ್ ಸಂಸ್ಕೃತಿಯ ಸಾರವೆಲ್ಲ ಆ ಮೂರು ಪದಗಳಲ್ಲಿದೆ ಎಂದು ಪ್ರವಾಸಿ ಪುಸ್ತಕಗಳು ಹೇಳುತ್ತವೆ. ನಾನು ಕೈಮುಗಿದು ಏಳುವಷ್ಟರಲ್ಲಿ ಅವರು ಅದೇ ನಗುವಿನಲ್ಲಿ 2000 ಬಾತ್ ದಂಡದ ರಸೀದಿ ಬರೆದು ಮುಗಿಸಿದ್ದರು. ಆಮೇಲೆ ಪಾಸ್‌ಪೋರ್ಟಿನ ಪುಟಕ್ಕೆ ಮುಂದಿನ ತಾರೀಖಿನ ಚೀಟಿಯನ್ನು ಸ್ಟೇಪ್ಲರಿನಿಂದ ಟಕ್ಕೆಂದು ಹೊಡೆದು ಕೊಟ್ಟರು. ಜೆರಾಕ್ಸ್ ಪ್ರತಿಗಳ ಮೇಲೆಲ್ಲ ನಾನು ಕಪ್ಪು ಶಾಯಿಯಲ್ಲಿ ಸಹಿ ಮಾಡಿದ್ದು ತಪ್ಪಾಗಿತ್ತು. ನೀಲಿ ಪೆನ್ನನ್ನೂ ಅವರೇ ಕೊಟ್ಟರು. ಉಪಚಾರದಲ್ಲಿ ಕೊರತೆ ಇರಲಿಲ್ಲ.

ನೆಂಟ ತಾನು ಬಂದದ್ದನ್ನು ತಾನೇ ಹೇಳಿದರೆ ಸಾಲದು, ಮನೆಯ ಯಜಮಾನರೂ ಹೇಳಬೇಕು. ಅದೇ ಟಿಎಂ 30. ವಿದೇಶೀಯನೊಬ್ಬ ಮನೆಗೆ ಬಂದು ತಂಗಿದರೆ 24 ಗಂಟೆಯೊಳಗೆ ಮನೆಯ ಮಾಲೀಕರು ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಥಾಯ್ ಹೆಣ್ಣನ್ನು ಮದುವೆಯಾಗಿ ಅವಳ ಹೆಸರಿನ ಮನೆಯಲ್ಲಿರುವ ವಿದೇಶೀಯನ ವಿಷಯದಲ್ಲಿ, ಗಂಡ ಮನೆಗೆ ಬಂದನೆಂದು ಹೆಂಡತಿ ಸರ್ಕಾರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ತಡವಾಗಿ ಮನೆಗೆ ಬರುವ ಗಂಡಂದಿರ ಬಗ್ಗೆ ನಮ್ಮ ಹೆಂಗಸರು ಪಕ್ಕದ ಮನೆಯವರಿಗೆ ಮಾತ್ರ ವರದಿ ಮಾಡುತ್ತಾರೆ. ಥಾಯ್ ಕಾಯ್ದೆ ಅದಕ್ಕೊಂದು ನಮೂನೆಯನ್ನೇ ಒದಗಿಸಿದೆ. 2019ರಲ್ಲಿ ಇದನ್ನು ಬಿಗಿಯಾಗಿ ಜಾರಿಗೊಳಿಸಿ, ವಾರಾಂತ್ಯಕ್ಕೆ ಸಮುದ್ರತೀರಕ್ಕೆ ಹೋಗಿ ಬಂದವರನ್ನೂ ಮತ್ತೆ ವರದಿ ಕೇಳಿದಾಗ ದೊಡ್ಡ ಗುಲ್ಲೆದ್ದು, ಮರುವರ್ಷ ನಿಯಮವನ್ನು ಸಡಿಲಿಸಿದರು.

ದೇಶದ ಹೊರಗೆ ಕಾಲಿಟ್ಟರೆ ತೊಂಬತ್ತರ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಹಾಗಾದರೆ ಲಾವೋಸಿಗೆ ಹೋಗಿ ಬಂದರಾಯಿತಲ್ಲ ಎಂದು ಜಾಣರು ಕೇಳುತ್ತಾರೆ. ಆದರೆ ಮರಳಿ ಬರುವ ಅನುಮತಿಯನ್ನು ಮೊದಲೇ ಪಡೆಯದೆ ಹೊಸಿಲು ದಾಟಿದರೆ ವರ್ಷದ ವಿಸ್ತರಣೆಯೇ ರದ್ದಾಗುತ್ತದೆ. ಆ ಅನುಮತಿ ಒಂದು ಸಲಕ್ಕೆ 1000 ಬಾತ್, ಎಷ್ಟು ಸಲಕ್ಕಾದರೂ 3800 ಬಾತ್. ಹೋಗುವಾಗ ‘ಹೋಗಿ ಬರುತ್ತೇನೆ’ ಎಂದು ಹೇಳುವುದು ನಮ್ಮಲ್ಲಿ ಪುಕ್ಕಟೆಯಾಗಿರುವುದು ಎಂಥ ದೊಡ್ಡ ನಷ್ಟವೆಂದು ನಮ್ಮ ಹಣಕಾಸು ಇಲಾಖೆಯವರಿಗೆ ಇನ್ನೂ ಹೊಳೆದಿಲ್ಲ.

ಕಾಗದಪತ್ರದಲ್ಲಿ ನನ್ನ ಹೆಸರು ‘ತಾಂಗ್ ದಾವ್’, ಅನ್ಯನಾಡಿನವನು. ಇದರ ಎರಡನೆಯ ಪದವನ್ನು ಸ್ವರ ಇಳಿಸಿ ಹೇಳಬೇಕು. ಸಪಾಟಾಗಿ ಹೇಳಿದರೆ ‘ದಾವ್’ ಎಂದರೆ ನಕ್ಷತ್ರವಾಗುತ್ತದೆ. ಐದು ಬಗೆಯ ಸ್ವರದ ಏರಿಳಿತಗಳಿರುವ ಆ ಭಾಷೆ ನನ್ನ ನಾಲಿಗೆಗೆ ಒಗ್ಗದ ಕಾರಣ, ನಾನು ಬೇರೆ ನಕ್ಷತ್ರದಿಂದ ಬಂದವನೆಂದು ಹಲವು ಕೌಂಟರುಗಳಲ್ಲಿ ಪರಿಚಯಿಸಿಕೊಂಡಿದ್ದೇನೆ. ಯಾರೂ ಆಶ್ಚರ್ಯಪಟ್ಟಿಲ್ಲ. ನೆಂಟನ ಕೈಯಲ್ಲಿ ಕೆಲಸ ಮಾಡಿಸಬಾರದೆಂಬ ಶಿಷ್ಟಾಚಾರವೂ ಉಂಟು: ಅನ್ಯನಾಡಿನವರಿಗೆ ನಿಷಿದ್ಧವಾದ ಉದ್ಯೋಗಗಳ ಪಟ್ಟಿಯಲ್ಲಿ ಕ್ಷೌರ, ಕೊಡೆ ತಯಾರಿಕೆ, ಬುದ್ಧನ ವಿಗ್ರಹ ಮಾಡುವುದು, ಭಿಕ್ಷಾಪಾತ್ರೆ ತಯಾರಿಸುವುದು ಇವೆಲ್ಲ ಸೇರಿವೆ. ಕಂಪ್ಯೂಟರ್ ಕೆಲಸ ಬೇಸರವಾದ ದಿನಗಳಲ್ಲಿ ಭಿಕ್ಷಾಪಾತ್ರೆಯ ಯೋಚನೆ ನನಗೆ ಬರದಿರುವುದಿಲ್ಲ. ಆ ದಾರಿಯೂ ಮುಚ್ಚಿದೆ. ಇನ್ನು ಖಾಯಂ ನಿವಾಸದ ಪರವಾನಗಿ ವರ್ಷಕ್ಕೆ ಒಂದೊಂದು ದೇಶದವರಿಗೆ 100. ನೂರನಲವತ್ತು ಕೋಟಿ ಜನರ ಭಾರತಕ್ಕೂ 100, ಭೂತಾನಕ್ಕೂ 100. ಅದು ಸಿಕ್ಕವರು ತೊಂಬತ್ತು ದಿನದ ಹರಕೆಯಿಂದ ಪಾರಾಗುತ್ತಾರೆ, ಆದರೆ ಖಾಯಮ್ಮಾಗಿ ಇರುವವರೂ ಹೊರಗೆ ಹೋಗುವ ಮೊದಲು ಮರಳಿ ಬರುವ ಅನುಮತಿ ಪಡೆಯಲೇಬೇಕು.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ನನ್ನ ಸ್ವಾಭಿಮಾನ ಕೆರಳಿದ್ದು ಖಾವೊ ಯಾಯ್ ಎಂಬ ಕಾಡಿನ ಬಾಗಿಲಲ್ಲಿ. 1962ರಲ್ಲಿ ಸ್ಥಾಪನೆಯಾದ, ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಅದು. ವಿದೇಶೀಯರಿಗೆ ಪ್ರವೇಶದರ 400 ಬಾತ್ ಎಂದು ಇಡೀ ಜಗತ್ತಿಗೆ ಓದಲು ಬರುವ ಅಂಕಿಯಲ್ಲಿ ಬರೆದಿತ್ತು. ಥಾಯ್ ಜನರ ದರವನ್ನು ಥಾಯ್ ಅಂಕಿಗಳಲ್ಲಿ ಬರೆದಿತ್ತು. ಅದರಲ್ಲಿ ನನಗೆ ಗುರುತು ಸಿಕ್ಕಿದ್ದು ಸೊನ್ನೆಯೊಂದೇ. ಅದು 40 ಎಂದು ಬಿಡಿಸಿ ಹೇಳಿದವರು ಜೊತೆಗಿದ್ದ ನಮ್ಮ ಮನೆಯೊಡತಿ. ಅವರನ್ನು ನಾವು ‘ಪಾ’ ಎನ್ನುತ್ತೇವೆ. ನಮ್ಮ ದೊಡ್ಡಮ್ಮನಿಗೆ ಥಾಯ್ ಭಾಷೆಯಲ್ಲಿ ಅದೇ ಪದ. ನೆಂಟನೆಂಬ ಕಾರಣಕ್ಕೆ ನನಗೊಂದು ಸೊನ್ನೆ ಹೆಚ್ಚು. ವಾಹನದ ಫಲಕಗಳಲ್ಲಿ ಕನ್ನಡ ಅಂಕಿ ಬೇಕೆಂದು ವಾದಿಸುವವರು ನಮ್ಮಲ್ಲಿದ್ದಾರೆ; ಅವುಗಳಿಗೆ ಇಂಥ ಉಪಯೋಗವೂ ಇದೆಯೆಂದು ಅವರು ಈವರೆಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹತ್ತು ಪಟ್ಟು ದರವೇ, ಇದೆಂಥ ಅನ್ಯಾಯ, ನಾನೂ ಇಲ್ಲಿ ತೆರಿಗೆ ಕಟ್ಟುವುದಿಲ್ಲವೇ ಎಂದು ಆನೆಯೊಂದು ರಸ್ತೆ ದಾಟುವಾಗಲೂ ನಾನು ಗೊಣಗುತ್ತಲೇ ಇದ್ದೆ. ಪಾ ಮಾತಾಡಲಿಲ್ಲ.

2023ರ ಡಿಸೆಂಬರಿನಲ್ಲಿ ಅವರು ನಮ್ಮೊಂದಿಗೆ ಹಂಪಿಗೆ ಬಂದರು. ವಿಜಯವಿಠ್ಠಲ ದೇವಾಲಯದ ಟಿಕೆಟ್ ಕಿಟಕಿಯ ಮೇಲೆ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600 ರೂಪಾಯಿ ಎಂದಿತ್ತು. ಹತ್ತಲ್ಲ, ಹದಿನೈದು ಪಟ್ಟು. ಎಷ್ಟೋ ಸಲ ನೋಡಿದ್ದ ಆ ಫಲಕವನ್ನು ನಾನು ಓದಿದ್ದು ಅಂದೇ ಮೊದಲು. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು: ನೆರೆಹೊರೆಯ ದೇಶಗಳ ಕೂಟಗಳಾದ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೂ ಭಾರತೀಯರ ದರವೇ. ಥಾಯ್ಲೆಂಡ್ ಬಿಮ್‌ಸ್ಟೆಕ್ ಸದಸ್ಯ ರಾಷ್ಟ್ರ. ಪಾ 40 ರೂಪಾಯಿ ಕೊಟ್ಟು, ಟಿಕೆಟನ್ನು ನನ್ನ ಮುಖಕ್ಕೆ ಹಿಡಿದು, ಏನೂ ಹೇಳದೆ ಒಳಗೆ ನಡೆದರು.

ಸಂಜೆ ಉಳಿದುಕೊಂಡಿದ್ದ ಮನೆಯ ಮಾಲೀಕರು ಬಾಗಿಲಲ್ಲಿ ನಿಂತಿದ್ದರು. “ಸರ, ಆ ಅಮ್ಮಾರ ಪಾಸ್‌ಪೋರ್ಟ್ ಸ್ವಲ್ಪ ಕೊಡ್ರಿ. ಹೊರದೇಶದೋರು ಉಳದ್ರ ಇಪ್ಪತ್ನಾಕ ತಾಸಿನ್ಯಾಗ ಮೇಲಿನವ್ರಿಗೆ ತಿಳಿಸಬೇಕ್ರಿ.” ಪಾ ಏನಂತೆ ಎಂದು ಕೇಳಿದರು. ನಾನು ‘ಮೈ ಪೆನ್ ರೈ’ ಎಂದು ಹೇಳಿ, ಜೇಬಿನಿಂದ ನೀಲಿ ಪೆನ್ನು ತೆಗೆದುಕೊಟ್ಟೆ.