ಕಾಯುತ್ತಾ ಕಾಯುತ್ತಾ ನಂಬಿದ್ದು

ಮಗಳು ಮನೆಗೆ ಬಂದ ಮೇಲೆ ತುಂಬಾ ಜನ ಇನ್‌ಬಾಕ್ಸಿನಲ್ಲಿ ಕೇಳಿದ್ದೀರಿ. ದತ್ತು ತಗೊಳ್ಳೋಕೆ ಎಷ್ಟು ದಿನ ಬೇಕು, ಏನೇನು ಕಾಗದ ಬೇಕು ಅಂತ. ಎಲ್ಲರಿಗೂ ಉತ್ತರ ಕೊಟ್ಟಿದ್ದೇನೆ. ಆದರೆ ಒಬ್ಬ ಗೆಳತಿ ಬೇರೆ ಥರ ಕೇಳಿದಳು: "ಅಷ್ಟು ವರ್ಷ ನಂಬಿಕೆ ಹೇಗೆ ಉಳಿಸಿಕೊಂಡ್ಯೇ?" ಅದಕ್ಕೆ ಎರಡು ಸಾಲಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ.

ನಿಜ ಹೇಳಬೇಕೆಂದರೆ ಉಳಿಸಿಕೊಳ್ಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಚಿಕಿತ್ಸೆಯ ವರ್ಷಗಳಲ್ಲೇ ದೇವರ ಮೇಲಿನ ನಂಬಿಕೆ ಖಾಲಿಯಾಗಿತ್ತು. ಹರಕೆ ಹೊತ್ತಿದ್ದೆ, ಉಪವಾಸ ಮಾಡಿದ್ದೆ, ಎಲ್ಲ ಮುಗಿದಿತ್ತು. 2020ರ ಜನವರಿಯಲ್ಲಿ, ದತ್ತು ವ್ಯವಸ್ಥೆ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದಾಗ ದೇವರ ಮುಂದೆ ದೀಪ ಹಚ್ಚಿದ್ದು ಅತ್ತೆ, ನಾನಲ್ಲ.

ಮೊದಲ ತೊಡಕು ಬಂದಿದ್ದು ಒಂದು ಇನಿಶಿಯಲ್‌ನಿಂದ. ನಮ್ಮ ಮನೆಯವರ ಇನಿಶಿಯಲ್ ಆಧಾರ್‌ನಲ್ಲಿ ಹೆಸರಿನ ಮುಂದೆ, ಮದುವೆ ನೋಂದಣಿ ಪತ್ರದಲ್ಲಿ ಹೆಸರಿನ ಹಿಂದೆ. ಅದನ್ನು ಸರಿ ಮಾಡಿಸಿ ದಾಖಲೆಗಳನ್ನೆಲ್ಲ ಅಪ್‌ಲೋಡ್ ಮಾಡೋ ಹೊತ್ತಿಗೆ 26 ದಿನ ಹೋಯಿತು. ಮಗುವಿಗಾಗಿ ಕಾಯುವವರ ಸಾಲಿನಲ್ಲಿ ಸೀನಿಯಾರಿಟಿ ಲೆಕ್ಕ ಶುರುವಾಗೋದೇ ದಾಖಲೆ ಹಾಕಿ ನೋಂದಣಿ ಪೂರ್ತಿಯಾದ ದಿನದಿಂದ. 26 ದಿನ ಅಂದರೆ ನಮಗಿಂತ ಮುಂದೆ ಎಷ್ಟು ಜನ ಹೋದರೋ ಅಂತ ರಾತ್ರಿಯೆಲ್ಲ ಲೆಕ್ಕ ಹಾಕುತ್ತಿದ್ದೆ. ಹೋಮ್ ಸ್ಟಡಿಗೆ, ಅಂದರೆ ನಮ್ಮ ಮನೆ-ಸಂಸಾರ ನೋಡಿ ವರದಿ ಬರೆಯೋಕೆ, ಮಾರ್ಚ್ 26ಕ್ಕೆ ಮನೆಗೆ ಬರ್ತೀವಿ ಅಂದಿದ್ದರು. 25ರಿಂದ ಲಾಕ್‌ಡೌನ್. ಹೋಮ್ ಸ್ಟಡಿ ಮುಗಿದಿದ್ದು ಸೆಪ್ಟೆಂಬರ್‌ನಲ್ಲಿ. ಆ ವರದಿಗೆ ಮೂರೇ ವರ್ಷ ಆಯಸ್ಸು. ಮಗು ಬರೋ ಮೊದಲೇ ಆ ಮೂರು ವರ್ಷವೂ ಮುಗಿದು, ಮತ್ತೆ ಮಾಡಿಸಬೇಕಾಯಿತು.

ಈ ನಡುವೆ ಪರಿಚಯದವರೊಬ್ಬರು ಮೆಲ್ಲಗೆ ಹೇಳಿದರು. "ಒಂದು ನರ್ಸಿಂಗ್ ಹೋಮ್‌ನಲ್ಲಿ ಮಾತಾಡಿಸ್ತೀನಿ. ಕಾಗದ-ಪತ್ರದ ತಲೆನೋವೇ ಇಲ್ಲ, ವಾರದಲ್ಲಿ ಮಗು." ಅವತ್ತು ನಾನು ತಕ್ಷಣ ಬೇಡ ಅನ್ನಲಿಲ್ಲ. ಎರಡು ದಿನ ಯೋಚಿಸಿದೆ. ಅದು ಕಾನೂನಿಗೆ ವಿರುದ್ಧ ಅಂತ ಗೊತ್ತಿತ್ತು, ಆದರೂ ಯೋಚಿಸಿದೆ. ಬೇಡ ಅನ್ನಿಸಿದ್ದು ಒಂದು ನಿಯಮ ನೆನಪಾಗಿ. ಕಾನೂನಿನ ದಾರಿಯಲ್ಲಿ, ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು 60 ದಿನ ಇರುತ್ತೆ. ಆ 60 ದಿನ ಯಾರೂ ಆ ಮಗುವನ್ನು ದತ್ತು ಕೊಡುವಂತಿಲ್ಲ. ವಾರದಲ್ಲಿ ಮಗು ಅಂದರೆ ಆ ತಾಯಿಯ 60 ದಿನ ಎಲ್ಲಿ ಹೋಯಿತು? ನಾನು ತಡ ತಡ ಅಂತ ಗೋಳಾಡುತ್ತಿದ್ದೆನಲ್ಲ, ಅದರಲ್ಲಿ ಒಂದಷ್ಟು ದಿನ ಅವಳವು. ಅವಳ ಪಾಲಿನ ದಿನಗಳು.

2023ರ ಜೂನ್‌ನಲ್ಲಿ ಅತ್ತೆಯ ಒತ್ತಾಯಕ್ಕೆ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೊರಟೆವು. ಶರಾವತಿ ಹಿನ್ನೀರು ಇಳಿದುಹೋಗಿತ್ತು, ಲಾಂಚ್‌ಗೆ ಗಾಡಿ ಹತ್ತಿಸುತ್ತಿರಲಿಲ್ಲ. ಜನರನ್ನು ಮಾತ್ರ ದಾಟಿಸುತ್ತಿದ್ದರು. ಅತ್ತೆಗೆ ಮಂಡಿನೋವು, ಆ ಕಡೆ ಗಾಡಿ ಇಲ್ಲದೆ ಆಗಲ್ಲ. ದಡದಲ್ಲೇ ಕೈಮುಗಿದು ವಾಪಸ್ ಬಂದೆವು. ಒಡೆದ ಕೆಂಪು ಮಣ್ಣಿನ ಮೇಲೆ ಕೂತು ಅವತ್ತು ನಾನು ತುಂಬಾ ಅತ್ತುಬಿಟ್ಟೆ. ದೇವಿಯ ಹತ್ತಿರಕ್ಕೆ ಹೋಗೋಕೂ ನಮಗೆ ಬಿಡಲ್ವಲ್ಲ ಅಂತ.

2024ರ ಫೆಬ್ರವರಿಯಲ್ಲಿ ರೆಫರಲ್, ಅಂದರೆ ನಮಗಾಗಿ ಸೂಚಿಸಿದ ಮಗುವಿನ ವಿವರ, ಬಂತು. ಏಳು ತಿಂಗಳ ಹೆಣ್ಣುಮಗು, ತೂಕ ಕಡಿಮೆ. ಒಪ್ಪಿಗೆ ತಿಳಿಸಲು 48 ಗಂಟೆ ಇರುತ್ತೆ. ನಾವು ಒಂದು ಗಂಟೆಯೂ ತಗೊಳ್ಳಲಿಲ್ಲ. ನೋಡೋಕೆ ಹೊರಡುವ ಹಿಂದಿನ ರಾತ್ರಿ ದತ್ತು ಕೇಂದ್ರದಿಂದ ಫೋನ್. ಮಗುವಿಗೆ ಕಫ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ದೇವೆ, ಒಂದು ವಾರ ಬಿಟ್ಟು ಬನ್ನಿ. ಕಟ್ಟಿದ ಬ್ಯಾಗ್ ಬಾಗಿಲ ಹತ್ತಿರವೇ ಉಳಿಯಿತು.

ಆ ಎಂಟು ದಿನಗಳಲ್ಲೇ ನನಗೆ ಏನೋ ಆಯಿತು. ಎಷ್ಟೋ ವರ್ಷಗಳಾದ ಮೇಲೆ ದೇವರ ಕೋಣೆಯಲ್ಲಿ ಕೂತೆ. ಹಿಂದೆಲ್ಲ ಕೇಳುತ್ತಿದ್ದುದು ಒಂದೇ, ನನಗೊಂದು ಮಗು ಕೊಡು ಅಂತ. ಈಗ ಆ ಮಾತು ಬಾಯಿಗೆ ಬರಲೇ ಇಲ್ಲ. ಅವಳ ಕೆಮ್ಮು ನಿಲ್ಲಲಿ, ರಾತ್ರಿ ಯಾರಾದರೂ ಎತ್ತಿಕೊಳ್ಳಲಿ, ಅಷ್ಟೇ ಬಂತು. ಯಾರೋ ಕೇಳಿಸಿಕೊಳ್ತಿದ್ದಾರೆ ಅಂತ ಅನ್ನಿಸಿತು. ಹೇಗೆ ಅಂತ ವಿವರಿಸೋಕೆ ಬರಲ್ಲ.

ಒಂಬತ್ತನೇ ದಿನ ಹೋದೆವು. ಆಯಾ ಅಮ್ಮನ ಸೊಂಟದ ಮೇಲೆ ಮಗಳು. ಅವರ ಹತ್ತಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಅದರ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಎಂಟು ರಾತ್ರಿ ಆಸ್ಪತ್ರೆಯಲ್ಲಿ ಅವಳ ಜೊತೆ ಮಲಗಿದ್ದು ಅವರೇ. ಆ ಮುಷ್ಟಿ ಬಿಡಿಸುತ್ತಾ ನನಗೆ ಹೇಳಿದರು, "ಎಡ ಮಗ್ಗುಲಿಗೆ ಮಲಗಿಸಿ ಬೆನ್ನು ತಟ್ಟಿ ಅಕ್ಕ, ಬೇಗ ನಿದ್ದೆ ಹೋಗ್ತಾಳೆ." ನಾನು ಕೇಳಿದ್ದನ್ನು ಆ ಕೈ ಮಾಡಿತ್ತು. ನಾನು ಕೇಳುವ ಮೊದಲಿಂದಲೂ ಮಾಡುತ್ತಿತ್ತು.

ಮುಂದಿನದು ಸಲೀಸು. ಜಿಲ್ಲಾಧಿಕಾರಿಯ ದತ್ತು ಆದೇಶ ಲೋಕಸಭೆ ಚುನಾವಣೆಯ ಗಡಿಬಿಡಿಯಲ್ಲಿ ಜೂನ್‌ಗೆ ಹೋಯಿತು. ಅಷ್ಟು ಹೊತ್ತಿಗೆ ಮಗಳು ನಮ್ಮ ಮನೆಯಲ್ಲೇ ಅಂಬೆಗಾಲಿಡುತ್ತಿದ್ದಳು.

"ದೇವರು ನಿಮಗೋಸ್ಕರವೇ ಕಳಿಸಿದ" ಅಂತ ಪ್ರೀತಿಯಿಂದ ಹೇಳ್ತೀರಿ. ದಯವಿಟ್ಟು ಹಾಗೆ ಹೇಳಬೇಡಿ. ನನ್ನ ಮಡಿಲು ತುಂಬಲಿ ಅಂತ ಇನ್ನೊಬ್ಬಳ ಮಡಿಲು ಬರಿದು ಮಾಡುವ ದೇವರನ್ನು ನಾನು ನಂಬಲಾರೆ. ಅವಳು ಕೇಂದ್ರಕ್ಕೆ ಹೇಗೆ ಬಂದಳು ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ಅವಳ ಕಥೆ, ದೊಡ್ಡವಳಾದ ಮೇಲೆ ಅವಳೇ ಹೇಳಲಿ ಅಥವಾ ಹೇಳದಿರಲಿ. ಆದರೆ ಕಾಗದದಲ್ಲಿರುವ ಹುಟ್ಟಿದ ದಿನ 2023ರ ಜುಲೈ. ಅಂದರೆ ನಾನು ಹಿನ್ನೀರಿನ ದಡದಲ್ಲಿ ಕೂತು ಅತ್ತ ದಿನ ಅವಳಿನ್ನೂ ಹೊಟ್ಟೆಯಲ್ಲಿದ್ದಳು. ಆ ತಾಯಿಗೆ ಅದು ಎಂಥ ದಿನವಾಗಿತ್ತೋ. ನನ್ನ ಕಣ್ಣೀರಿಗಿಂತ ಅವಳದು ಕಡಿಮೆ ಇತ್ತು ಅಂತ ನನಗೆ ಅನ್ನಿಸಲ್ಲ.

2024ರ ಡಿಸೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಸಿಗಂದೂರಿಗೆ ಹೋದೆವು. ಈಗಿನ ಸೇತುವೆ ಆಗ ಇನ್ನೂ ತೆರೆದಿರಲಿಲ್ಲ. ನೀರು ತುಂಬಿತ್ತು, ಗಾಡಿ ಸಮೇತ ಲಾಂಚ್‌ನಲ್ಲೇ ದಾಟಿದೆವು. ಮಗಳ ಹೆಸರಿನಲ್ಲಿ ಕುಂಕುಮಾರ್ಚನೆ ಆದ ಮೇಲೆ ಇನ್ನೊಂದು ಮಾಡಿಸಬೇಕು ಅಂದೆ. ಅರ್ಚಕರು ಹೆಸರು, ನಕ್ಷತ್ರ ಕೇಳಿದರು.

"ಗೊತ್ತಿಲ್ಲ. ಇವಳ ಹೆತ್ತಮ್ಮ" ಅಂದೆ.

ಅವರು ಮಗಳ ಮುಖ ನೋಡಿದರು. ಏನೂ ಕೇಳಲಿಲ್ಲ. ತಟ್ಟೆಗೆ ಇನ್ನಷ್ಟು ಕುಂಕುಮ ಹಾಕಿಕೊಂಡು ಮಂತ್ರ ಶುರು ಮಾಡಿದರು.